ನಲವತ್ತೊಂದನೇ ಜಾಗ

ಜೂನ್ ಹನ್ನೆರಡು, ಸೋಮವಾರ ಬೆಳಿಗ್ಗೆ 7.20ಕ್ಕೆ ಫ್ಲೆಮಿಂಗ್ ರಾವ್ನ್ ಎಂಬಾತ ಸ್ವಾನೆಬೋ ಠಾಣೆಗೆ ಬಂದ. ದೋಣಿ ನಿಲ್ಲಿಸುವ ಧಕ್ಕೆಯ ನಲವತ್ತೊಂದನೇ ಜಾಗದಲ್ಲಿ ಕಟ್ಟಿದ್ದ ತನ್ನ ಹಾಯಿದೋಣಿಯನ್ನು ಯಾರೋ ಬಿಚ್ಚಿಬಿಟ್ಟಿದ್ದಾರೆ, ಅದು ತೇಲಿಹೋಗಿ ಕಲ್ಲುದಂಡೆಗೆ ಬಡಿದು ಚುಕ್ಕಾಣಿ ಮುರಿದಿದೆ ಎಂಬುದು ದೂರು.

"ಯಾರ ಮೇಲಾದ್ರೂ ಅನುಮಾನ?" ಇನ್ಸ್‌ಪೆಕ್ಟರ್ ಗುಡ್ರುನ್ ದಾಮ್ಸ್‌ಗೋರ್ ಕೇಳಿದರು.

"ಯಾರ್ ಮೇಲೆ ಅಂತ ಹೇಳ್ಲಿ ಮೇಡಂ? ಹನ್ನೊಂದು ವರ್ಷ ಕಾದು ಸಿಕ್ಕಿದ ಜಾಗ. ಬಂದು ಒಂದು ತಿಂಗಳೂ ಆಗಿಲ್ಲ."

ಎಫ್‌ಐಆರ್ ದಾಖಲಿಸಿ, 8.45ಕ್ಕೆ ಧಕ್ಕೆಯಲ್ಲಿ ಪಂಚನಾಮೆ ಶುರುವಾಯಿತು. ದಡದ ಎರಡು ಕಬ್ಬಿಣದ ಬಳೆಗಳಲ್ಲಿ, ನೀರೊಳಗಿನ ಎರಡು ಕಂಬಗಳಲ್ಲಿ ನಾಲ್ಕು ಹಳೆಯ ನೀಲಿ ಹಗ್ಗಗಳು ಅಚ್ಚುಕಟ್ಟಾಗಿ ತೂಗುತ್ತಿದ್ದವು.

"ಇವು ನನ್ನವಲ್ಲ. ನನ್ನವು ಬಿಳಿ," ಎಂದ ಫ್ಲೆಮಿಂಗ್.

"ಕದ್ದು ಬದಲಿ ಕೊಟ್ಟು ಹೋಗೋ ಕಳ್ಳ! ಇಂಥವನು ನಮ್ಮ ಬೀದಿಗೂ ಬರಬಾರ್ದಾ," ಎಂದ ಕಾನ್‌ಸ್ಟೇಬಲ್ ಎಸ್ಬೆನ್.

"ಬಾಯಿ ಸಾಕು, ಟೇಪ್ ಹಿಡಿ," ಎಂದರು ಗುಡ್ರುನ್.

ಇಲ್ಲಿ ಪ್ರತಿಯೊಬ್ಬರೂ ತಮ್ಮ ದೋಣಿಯ ಅಳತೆಗೇ ಹಗ್ಗ ಕತ್ತರಿಸಿ, ತುದಿಗೆ ಕುಣಿಕೆ ಹಾಕಿ ಬಿಟ್ಟುಹೋಗುತ್ತಾರೆ. ಹಿಂದಿರುಗಿದಾಗ ಕುಣಿಕೆ ತಗುಲಿಸಿದರೆ ಆಯಿತು. ಫ್ಲೆಮಿಂಗನ ದೋಣಿ ಹತ್ತು ಮೀಟರ್. ಈ ಹಗ್ಗಗಳು ಅದಕ್ಕೆ ತೀರಾ ಉದ್ದ.

"ದಡಕ್ಕೂ ಕಂಬಕ್ಕೂ ಮುಟ್ಟೋಕೆ ಇಷ್ಟು ಉದ್ದದ ಹಗ್ಗ ಬೇಕು ಅಂದ್ರೆ ದೋಣಿ ಚಿಕ್ಕದು," ಎಂದರು ಗುಡ್ರುನ್. "ಇವರಿಗಿಂತ ಮುಂಚೆ ಇಲ್ಲಿ ಯಾರಿದ್ರು?"

ಧಕ್ಕೆಯ ಮೇಲ್ವಿಚಾರಕ ಪ್ರೆಬೆನ್ ಹೋಲ್ಕ್ ನೆಲ ನೋಡಿದ. "ಐನಾರ್ ತೋಫ್ಟ್. ಎಂಟು ಮೀಟರಿನ ದೋಣಿ. ಮೂರು ವರ್ಷದ ಹಿಂದೆ ಸೆಪ್ಟೆಂಬರಲ್ಲಿ ಒಬ್ಬನೇ ಸಮುದ್ರಕ್ಕೆ ಹೋದ. ಆಳೂ ಸಿಗಲಿಲ್ಲ, ದೋಣಿಯೂ ಸಿಗಲಿಲ್ಲ. ಖಾಲಿ ಜಾಗ ಮುಂದಿನವರಿಗೆ ಕೊಡ್ಬೇಕು, ನಿಯಮ. ಅವನ ಹೆಂಡತಿ ಮಾರ್ನಾ ನಮ್ಮಲ್ಲೇ ಕೆಲಸ. ಅವಳಿಗೆ ಪತ್ರ ಕಳಿಸಿದ್ದೆ."

"ಬಾಯಲ್ಲಿ ಹೇಳ್ಲಿಲ್ವಾ?"

"ದಿನಾ ಒಂದೇ ಮೇಜಲ್ಲಿ ಕಾಫಿ ಕುಡೀತೀವಿ ಮೇಡಂ. ಹೇಗೆ ಹೇಳೋದು?"

10.05ಕ್ಕೆ ಮಾರ್ನಾಳ ಮನೆಯ ಹಿತ್ತಲಲ್ಲಿ ಬಿಳಿ ಹಗ್ಗಗಳು ಸಿಕ್ಕವು. ಸಿಹಿನೀರಲ್ಲಿ ತೊಳೆದು ತಂತಿಯ ಮೇಲೆ ಒಣಹಾಕಿದ್ದಳು. ಇಪ್ಪತ್ತು ವರ್ಷ ಧಕ್ಕೆಯಲ್ಲಿ ದುಡಿದವಳಿಗೆ ಕದ್ದ ಹಗ್ಗಕ್ಕೂ ಉಪ್ಪು ಹಿಡಿಯಲು ಬಿಡುವ ಮನಸ್ಸಾಗಿರಲಿಲ್ಲ.

"ಇವತ್ತು ಬೆಳಗಿನ ಜಾವ ಎಲ್ಲಿದ್ರಿ?" ಗುಡ್ರುನ್ ಕೇಳಿದರು.

"ನಲವತ್ತೊಂದರಲ್ಲಿ."

"ಬಿಚ್ಚಿದ್ದು?"

"ನಾನೇ. ದೋಣಿ ಎಳ್ಕೊಂಡು ಹೋಗಿ ಅತಿಥಿ ದೋಣಿಗಳ ಕಟ್ಟೆಗೆ ಕಟ್ಟೋಣ ಅಂದ್ಕೊಂಡೆ. ಗಾಳಿ ಜೋರಾಯ್ತು, ಕೈ ಜಾರ್ತು. ಫ್ಲೆಮಿಂಗ್ ಒಳ್ಳೆಯವನಮ್ಮಾ, ಅವನಿಗೆ ಕೇಡು ಬಯಸ್ಲಿಲ್ಲ."

"ಇವತ್ತೇ ಯಾಕೆ?"

"ಪಡುವಣ ಗಾಳಿ. ನಮ್ಮನೆಯವರು ಈ ಗಾಳೀಲೇ ಬರ್ತಿದ್ದದ್ದು. ಅದಕ್ಕೇ ಅವರ ಹಗ್ಗ ತೂಗುಹಾಕ್ದೆ."

"ಮೂರು ವರ್ಷ ಆಯ್ತು, ಮಾರ್ನಾ."

"ಗೊತ್ತಿಲ್ವಾ ನನಗೆ? ಲೆಕ್ಕ ಇಟ್ಟೋಳು ನಾನು." ಮೇಜಿನ ಮೇಲಿದ್ದ ರೊಟ್ಟಿಯ ಚೂರುಗಳನ್ನು ಅಂಗೈಗೆ ಗುಡಿಸಿಕೊಂಡಳು. "ಬಂದಾಗ ಜಾಗದಲ್ಲಿ ಇನ್ನೊಬ್ಬರಿದ್ರೆ ಅವರು ಜಗಳ ಆಡೋರಲ್ಲ. ಕೇಳೋರೂ ಅಲ್ಲ. ಹಾಗೇ ತಿರುಗಿಸ್ಕೊಂಡು ಹೋಗ್ಬಿಡ್ತಾರೆ. ಒಂದ್ ಸಲ ಹೋಗಿದ್ದೇ ಸಾಕಾಗಿಲ್ವಾ?"

ಎಸ್ಬೆನ್ ಕಿಟಕಿಯ ಕಡೆ ತಿರುಗಿ ನಿಂತ.

11.10ಕ್ಕೆ ಬಂಧನ. ವರದಿಯಲ್ಲಿ ಕಾರಣವೆಂಬ ಕಡೆ ಗುಡ್ರುನ್ ಹೀಗೆ ಬರೆದರು: 'ದೂರುದಾರರ ಮೇಲೆ ದ್ವೇಷವಿಲ್ಲ. ಗಂಡ ಬಂದರೆ ನಿಲ್ಲಲು ಸ್ಥಳವಿರಲೆಂದು.'

ಜೀಪು ದಿಬ್ಬ ಹತ್ತಿದಾಗ, ಸಮುದ್ರವಿಡೀ ಕಾಣುವ ತಿರುವಿನಲ್ಲಿ ಮಾರ್ನಾ ಗಾಜಿಗೆ ಹಣೆ ಒತ್ತಿದಳು. "ನಿಲ್ಸು," ಎಂದರು ಗುಡ್ರುನ್. ಎಸ್ಬೆನ್ ಇಂಜಿನ್ ಆರಿಸಿದ. ದೂರದಲ್ಲಿ ಒಂದು ಬಿಳಿ ಹಾಯಿ ಕಂಡು, ದ್ವೀಪದ ಆಚೆ ಸರಿಯಿತು.

ಅಂದಿನ ಠಾಣಾ ಡೈರಿಯಲ್ಲಿ 11.22ರಿಂದ 11.40ರವರೆಗೆ ಏನೂ ಬರೆದಿಲ್ಲ.