ಕ್ಯಾಮೆರಾಕ್ಕೆ ಅಡ್ಡ ನಿಂತ ಗಂಡ

"ಯಾರು ನೀವು? ಕೇಳದೆ ಒಳಗೆ ಬರುವುದಾ?"

ಇಕ್ರಾ ಹಾಗೆ ಗದರಿದ್ದು ಸ್ವಂತ ಗಂಡನನ್ನು!

ಎರಡೆರಡು ಮಾಸ್ಕು, ಮೇಲೊಂದು ಪ್ಲಾಸ್ಟಿಕ್ ಮುಖಗವಸು ಹಾಕಿಕೊಂಡು ಆಸ್ಪತ್ರೆ ಕೋಣೆಯ ಬಾಗಿಲಲ್ಲಿ ನಿಂತಿದ್ದವನು ಕಕ್ಕಾಬಿಕ್ಕಿಯಾದ.

"ನಾನ ರೀ... ಜುಹೈಬ್. ಮಾಮಕ್ ಹೋಟೆಲದಾಗ ಊಟ ಕಟ್ಟಿಸಿಕೊಂಡು ಬಂದೀನಿ."

'ಯಾ ಅಲ್ಲಾಹ್! ಇವರಾ...' ಇಕ್ರಾಳ ಮುಖ ಕೆಂಪಾಯಿತು.

ಅವಳ ತಪ್ಪೂ ಅಲ್ಲ ಬಿಡಿ. ಮಂಗಳೂರಿನಲ್ಲಿ ನಿಕಾಹ್ ಮುಗಿದು ವರ್ಷ ದಾಟಿತ್ತು. ಹೆಣ್ಣನ್ನು ಗಂಡನ ಮನೆಗೆ ಕಳುಹಿಸುವ ಶಾಸ್ತ್ರ ರಂಜಾನ್ ಆದ ಮೇಲೆ ಎಂದು ಹಿರಿಯರು ನಿಶ್ಚಯಿಸಿದ್ದರು. ಅಷ್ಟರಲ್ಲಿ ಕೊರೊನಾ ಬಂದು ಊರಿಗೆ ಹೋಗುವ ವಿಮಾನಗಳೇ ನಿಂತುಹೋದವು. ಇಬ್ಬರಿಗೂ ಕೆಲಸ ಮಲೇಷ್ಯಾದಲ್ಲೇ. ಅವಳು ಸೈಬರ್‌ಜಯಾದ ಕಂಪನಿಯಲ್ಲಿ, ಅವನು ಕ್ಲಾಂಗ್ ಬಂದರಿನಲ್ಲಿ. ಆದರೂ ಶಾಸ್ತ್ರವಾಗದೆ ಒಂದೇ ಮನೆಯಲ್ಲಿ ಇರುವ ಹಾಗಿಲ್ಲ! ಹಾಗಾಗಿ ಫೋನಿನಲ್ಲೇ ಸಂಸಾರ ಸಾಗಿತ್ತು. ಅವಳ ಮನೆಮಾತು ಬ್ಯಾರಿ, ಹುಬ್ಬಳ್ಳಿಯ ಅವನದು ಉರ್ದು. ಜಗಳಕ್ಕೂ ಪ್ರೀತಿಗೂ ಕನ್ನಡ.

ಅವಳಿಗೆ ಫಿಟ್ಸ್ ಇರುವುದು ಅವನಿಗೆ ಮೊದಲೇ ಗೊತ್ತಿತ್ತು. ಕಣ್ಣಾರೆ ಕಂಡಿರಲಿಲ್ಲ, ಅಷ್ಟೆ. ಮಾತ್ರೆ ಬದಲಿಸಿ ಬದಲಿಸಿ ನೋಡಿದ್ದಾಗಿತ್ತು. ಅದು ಯಾವುದಕ್ಕೂ ಜಗ್ಗಿರಲಿಲ್ಲ. ಕೊನೆಗೆ ಕೌಲಾಲಂಪುರದ ಡಾಕ್ಟರ್ ಅನಿತಾ, ಮಿದುಳಿನ ಆಪರೇಷನ್ ಮಾಡಬಹುದೇನೋ ನೋಡೋಣ ಎಂದಿದ್ದರು. ಅದಕ್ಕೆ ಮೊದಲು ಫಿಟ್ಸ್ ಯಾವ ಮೂಲೆಯಲ್ಲಿ ಹುಟ್ಟುತ್ತದೆಂದು ತಿಳಿಯಬೇಕು. ಮಾತ್ರೆ ಕಡಿಮೆ ಮಾಡಿ, ತಲೆಗೆ ವೈರು ಅಂಟಿಸಿ, ಕ್ಯಾಮೆರಾದ ಮುಂದೆ ಮಲಗಿಸಿ, ಅದು ಬರಲಿ ಎಂದು ಕಾಯಬೇಕು! ಜೊತೆಗಿರಲು ಮನೆಯವರು ಒಬ್ಬರಿಗೆ ಮಾತ್ರ ಅವಕಾಶ. ಅಮ್ಮ ಮಂಗಳೂರಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಉಳಿದವನು ಗಂಡ.

"ಬಂದ ಕೂಡಲೇ ಈ ಬಟನ್ ಒತ್ತಿ. ಹೊದಿಕೆ ತೆಗೆದು ಪಕ್ಕಕ್ಕೆ ಸರಿಯಿರಿ. ಮುಖ, ಕೈಕಾಲು ಎಲ್ಲ ಕಾಣಬೇಕು. ಎಚ್ಚರ ಇದೆಯಾ ಎಂದು ತಿಳಿಯಲು ಹೆಸರು ಕೇಳುತ್ತಿರಿ," ಎಂದು ಡಾಕ್ಟರ್ ಹೇಳಿಕೊಟ್ಟರು. "ಶುಕ್ರವಾರ ಈ ವಾರ್ಡನ್ನು ಕೊರೊನಾ ರೋಗಿಗಳಿಗೆ ಬಿಡಬೇಕು. ಅಷ್ಟರಲ್ಲಿ ರೆಕಾರ್ಡ್ ಆಗದಿದ್ದರೆ ಮತ್ತೆ ಯಾವಾಗ ಅಂತ ಹೇಳಲಾರೆ."

ಜುಹೈಬ್ ವಿಧೇಯ ವಿದ್ಯಾರ್ಥಿಯಂತೆ ತಲೆಯಾಡಿಸಿದ.

ಬುಧವಾರ ಮಧ್ಯಾಹ್ನ ಅದು ಬಂತು.

ಮಾತಾಡುತ್ತಿದ್ದ ಇಕ್ರಾ ನಡುವೆಯೇ ಮಾತು ನಿಲ್ಲಿಸಿದಳು. ಕಣ್ಣು ಎಲ್ಲೋ ನೆಟ್ಟಿತು. ತುಟಿ ಚಪ್ಪರಿಸತೊಡಗಿದಳು. ಎಡಗೈ ಸೆಟೆದುಕೊಂಡಿತು. ತಲೆಯ ಮೇಲಿನ ಶಾಲು ಜಾರಿತು, ಆಸ್ಪತ್ರೆಯ ಗೌನು ಮೊಣಕಾಲಿನಿಂದ ಮೇಲೆ ಸರಿಯಿತು...

ಜುಹೈಬ್ ಬಟನ್ ಬಿಸಾಡಿದ! ಹೊದಿಕೆ ಎಳೆದು ತಲೆಯ ತನಕ ಹೊದಿಸಿ, ಕೈ ಅಗಲಿಸಿ, ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟ.

ಇಕ್ರಾಳಿಗೆ ಎಚ್ಚರವಾದಾಗ ಕಣ್ಣ ಮುಂದೆ ಬರೀ ಬಿಳಿ ಬಟ್ಟೆ. ಅದರಾಚೆ ನರ್ಸ್ ಕೂಗಾಡುತ್ತಿದ್ದಳು. ವಿಡಿಯೋದಲ್ಲಿ ಗಂಡನ ಬೆನ್ನಲ್ಲದೆ ಬೇರೇನೂ ಬಂದಿರಲಿಲ್ಲ.

'ಇವರಿಗೂ ನನ್ನನ್ನು ನೋಡಲಿಕ್ಕೆ ಆಗಲಿಲ್ಲ...' ಇಕ್ರಾ ಹೊದಿಕೆಯನ್ನು ಮುಖದಿಂದ ಎಳೆದು ತೆಗೆದಳು.

"ನಾಚಿಕೆ ಆಯ್ತಾ ನಿಮಗೆ?"

"ಇಕ್ರಾ, ಹಂಗಲ್ಲ..."

"ಶಾಲೆಯಲ್ಲಿ ಫಿಟ್ಸ್ ಬಂದಾಗ ಟೀಚರು ಯಾರದ್ದೋ ಶಾಲು ತಂದು ಮುಚ್ಚಿದ್ರು. ಮರುದಿನ ನನ್ನ ಬೆಂಚಲ್ಲಿ ಯಾರೂ ಕೂತುಕೊಳ್ಳಲಿಲ್ಲ. ಮದುವೆ ಮನೆಯಲ್ಲಿ ಮಾಮಿ ಪರದೆ ಎಳೆದ್ರು. ಮತ್ತೆ ಯಾವ ಮದುವೆಗೂ ಕರೀಲಿಲ್ಲ. ಮುಚ್ಚಿದವರೆಲ್ಲ ದೂರ ಹೋದವರೇ ಮಾರಾಯ್ರೆ! ನಿಮಗೂ ಬೇಡ ಅನ್ನಿಸಿದ್ರೆ ಈಗಲೇ ಹೇಳಿ. ಶಾಸ್ತ್ರ ಹೇಗೂ ಆಗ್ಲಿಲ್ಲ..."

"ಹುಚ್ಚಿ!" ಎಂದ ಜುಹೈಬ್. "ನೀ ಎಚ್ಚರಿದ್ದಾಗ ನನ್ನ ಫೋನ್ ಬಂದ್ರೂ ಮೊದಲ ಶಾಲು ಸರಿ ಮಾಡ್ಕೋತಿ. ಈಗ ನಿನಗ ಖಬರ್ ಇಲ್ಲ, ಆ ಕಡೆ ಟಿವ್ಯಾಗ ಯಾರ್ಯಾರೋ ನೋಡಾಕತ್ತಾರ... ನನಗ ತಡಕೊಳ್ಳಾಕ ಆಗ್ಲಿಲ್ಲ. ನೀ ಮಾಡ್ಕೋಬೇಕಾದ್ದು ನಾ ಮಾಡಿದೆ. ಮಾಡಾಕ ಹೋಗಿ ನಿನ್ನ ಆಪರೇಷನ್ನಿಗೇ ಕಲ್ಲು ಹಾಕಿದೆ."

ಮುಖಗವಸಿನ ಒಳಗೇ ಅವನು ಅಳುತ್ತಿದ್ದ. ಒರೆಸಿಕೊಳ್ಳಲೂ ಬರುವಂತಿರಲಿಲ್ಲ, ಪಾಪ!

ಇಕ್ರಾ ಅವನನ್ನೇ ನೋಡಿದಳು. ಇಷ್ಟು ವರ್ಷ ಎಲ್ಲರೂ ಮುಚ್ಚಿದ್ದು ತಮ್ಮ ಮುಜುಗರವನ್ನು. ಇವನು ಮುಚ್ಚಿದ್ದು ಅವಳ ಮಾನವನ್ನು!

"ಇನ್ನೊಮ್ಮೆ ಬಂದ್ರೆ ಮುಚ್ಚಬೇಡಿ," ಎಂದಳು ಮೆಲ್ಲಗೆ. "ಡಾಕ್ಟರು ನೋಡ್ಲಿ. ನಾನೇ ಹೇಳ್ತಾ ಇದ್ದೇನೆ. ಗೌನಿನ ಒಳಗೆ ಪೈಜಾಮ ಹಾಕಿಕೊಳ್ತೇನೆ, ಆಯ್ತಾ?"

ಗುರುವಾರ ಬರಲೇ ಇಲ್ಲ. ಫಿಟ್ಸ್ ಬರಲೆಂದು ಗಂಡ ಹೆಂಡತಿ ಕೂಡಿ ದುವಾ ಮಾಡಿದ್ದು ಅದೇ ಮೊದಲು!

ಶುಕ್ರವಾರ ಬೆಳಿಗ್ಗೆ ಚಹಾ ಕುಡಿಯುವಾಗ ಬಂತು. ಜುಹೈಬ್ ಬಟನ್ ಒತ್ತಿದ. ಹೊದಿಕೆ ತೆಗೆದ. ಪಕ್ಕಕ್ಕೆ ಸರಿದ.

"ಇಕ್ರಾ, ನಾ ಇಲ್ಲೇ ಅದೀನಿ... ನಿನ್ನ ಹೆಸರೇನು? ಹೇಳು ಇಕ್ರಾ..." ಶಾಲು ಮತ್ತೆ ಜಾರಿತ್ತು. ಆದರೂ ಅಡ್ಡ ಬರಲಿಲ್ಲ.

ಅವಳು ಕಣ್ಣು ತೆರೆದಾಗ ಎದುರಿಗೆ ಬಟ್ಟೆ ಇರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅಲ್ಲೊಂದು ಮುಖ ಇತ್ತು. ಅವಳು ಅದನ್ನೇ ನೋಡುತ್ತಾ ಮಲಗಿದಳು.

"ಬಲಗಡೆ, ಒಂದೇ ಜಾಗ. ತೆಗೆಯಬಹುದು," ಎಂದರು ಡಾಕ್ಟರ್ ಅನಿತಾ ಕೆಲವು ದಿನಗಳ ನಂತರ. "ಪೂರ್ತಿ ಹೋಗುತ್ತದೆ ಅಂತ ಮಾತು ಕೊಡಲಾರೆ. ಆದರೆ ಒಳ್ಳೆ ಭರವಸೆ ಇದೆ."

"ಮಾಡಿ," ಎಂದಳು ಇಕ್ರಾ, ಯಾರ ಮುಖವನ್ನೂ ನೋಡದೆ.

ಆಪರೇಷನ್ ಆಯಿತು. ಐಸಿಯುಗೆ ಯಾರನ್ನೂ ಬಿಡುತ್ತಿರಲಿಲ್ಲ. ಮರುದಿನ ನರ್ಸ್ ಫೋನ್ ಹಿಡಿದಳು. ಕೆಳಗೆ ಕಾರಿನಲ್ಲಿ ಕೂತಿದ್ದ ಜುಹೈಬ್ ತೆರೆಯ ಮೇಲೆ ಬಂದ. ಬಂದವನೇ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ!

"ಎಂತಾಯ್ತು ನಿಮಗೆ?"

"ನಿನ್ನ ತಲಿ ಮ್ಯಾಲೆ ಶಾಲಿಲ್ಲ... ಕೇಳದ ಹೆಂಗ ನೋಡ್ಲಿ?"

"ನೋಡಿ. ನಿಮ್ಮ ಹೆಂಡತಿಯೇ ಅಲ್ವಾ?"

ಅವನು ನಿಧಾನವಾಗಿ ಕಣ್ಣು ತೆರೆದ. ಪಟ್ಟಿ ಸುತ್ತಿದ ತಲೆ, ಬಾತ ಕಣ್ಣು, ಒಣಗಿದ ತುಟಿ... ನೋಡುತ್ತಲೇ ಇದ್ದ.

"ಚೆಂದ ಇಲ್ಲ ಅಲ್ವಾ?"

"ನನಗ ಇಷ್ಟು ಚೆಂದ ಎಂದೂ ಕಂಡಿಲ್ಲ ನೀ."

"ಮತ್ತೆ ಫಿಟ್ಸ್ ಬಂದ್ರೆ...?"

"ಬಂದ್ರ ಬರ್ಲಿ. ಪ್ರತಿ ಸಲ ಎಚ್ಚರಾದಾಗ ಮೊದಲ ನಿನಗ ನನ್ನ ಮಾರಿನ ಕಾಣಬೇಕು. ಅಷ್ಟು ಸಾಕು ನನಗ. ನಿನ್ನ ಮ್ಯಾಲೆ ಭಾಳ ಪ್ರೀತಿ ಐತಿ, ಇಕ್ರಾ."

ತೆರೆಯ ಮೇಲೆ ಅವನು ಅಳುತ್ತಿದ್ದ. ಇಕ್ರಾಳ ಬಾತ ಕಣ್ಣಿನಿಂದಲೂ ನೀರು ಇಳಿಯಿತು.

"ನನಗೂ... ಈಗ ನಗಿಸಬೇಡಿ ಮಾರಾಯ್ರೆ, ಹೊಲಿಗೆ ನೋಯ್ತದೆ."

"ನಾ ಎಲ್ಲಿ ನಗಿಸಿದೆ?"

"ಅಳುವಾಗ ನಗು ಬರುವ ಹಾಗೆ ಕಾಣ್ತೀರಿ ನೀವು..."