ನಾಕ ಬೆರಳಿನ ಹಿಡತ

ಖರೆ ಹೇಳ್ತೀನಿ, ನಂಬೂದ ಬಿಡೂದ ನಿಮಗ ಬಿಟ್ಟದ್ದ. ಬೆಟಗೇರಿ ಕಬಡ್ಡಿ ಮೈದಾನದಾಗ ನಮ್ಮ ಅಸುಂಡಿ ದ್ಯಾಮಪ್ಪನ ಕಲ್ಲಿನ ಮೂರ್ತಿ ನಿಲ್ಲಿಸೇವಿ. ಆಂವ ಆಟ ಬಿಟ್ಟ ಮೂವತ್ತ ವರ್ಷಾತು, ಇನ್ನೂ ಗಟ್ಟಿ ಅದಾನ. ರೇಡ್ ಹೋಗಾವ್ರಿಗೆ ಎಲ್ಲಾರೂ ಹಾರ ಹಾಕ್ತಾರ. ಮೂಲ್ಯಾಗ ನಿಂತ ಕಾಲ ಹಿಡಿಯಾಂವಗ ಯಾರ ಹಾಕ್ಯಾರ? ನಾವ ಹಾಕೇವಿ!

ಆದ್ರ ಶಿಲ್ಪಿ ಎಡವಿದ. ದ್ಯಾಮಪ್ಪನ ಬಲಗೈ ಕಿರಿಬೆರಳ ಸಣ್ಣಾಂವಿದ್ದಾಗನ ರಾಶಿ ಮಷಿನ್ನಿಗೆ ಸಿಕ್ಕ ಹೋಗೇತಿ. ಇಂವ ಕಲ್ಲಿಗೆ ಐದೂ ಬೆರಳ ಕಡದಿದ್ದ.

"ಅದು ನಾ ಅಲ್ಲಲೇ ಹುಚ್ಚಪ್ಪ," ಅಂದ ದ್ಯಾಮಪ್ಪ. "ಆ ಕೈಲೆ ನಿನ್ನಂಥಾ ಮುದಿ ಹುಂಜಾನೂ ಹಿಡಿಯಾಕ ಆಗಂಗಿಲ್ಲ. ಉದ್ಘಾಟನಿಗೆ ನಾ ಬರಾಂಗಿಲ್ಲ."

ಊರೂರ ತಿರಗಿ ಮಂದಿನ್ನ ಕರದಾಂವ ನಾನು! ಮರುದಿನ ಮಟಮಟ ಮಧ್ಯಾಹ್ನ ಒಬ್ಬನ ಮೈದಾನಕ್ಕ ಹೋದ್ನಿ. ಸಿಟ್ಟಿನಾಗ ಗೆರಿ ದಾಟಿ, ಮೊದಲಿನಂಗ "ಕಬಡ್ಡಿ ಕಬಡ್ಡಿ" ಅನಕೋತ ಮೂರ್ತಿ ಎದಿ ಮುಟ್ಟಿದ್ನಿ. ಕೆಂಡದಂಥಾ ಬಿಸಿಲು, ಕಲ್ಲ ಮಾತ್ರ ತಣ್ಣಗಿತ್ತು. ತಿರುಗಿ ಓಡಬೇಕಂದ್ರ ಎಡಗಾಲ ಏಳವಲ್ದು. ಹಿಮ್ಮಡದ ಹತ್ರ ಯಾರೋ ಮೂಗಿಲೆ ಜೋರ ಉಸರ ಬಿಟ್ಟಂಗಾತು. ಕಾಲ ಎಳಕೋತ ಬಂದ್ನಿ, ಗೆರಿ ಗೇಣ ದೂರ ಇದ್ದಾಗ ನನ್ನ ದಮ್ಮ ಮುಗೀತು. ಆಗ ಕಾಲ ಬಿಡ್ತು.

ಸೀದಾ ಅಸುಂಡಿಗೆ ಹೋಗಿ ಧೋತರ ಎತ್ತಿ ಎಡಗಾಲ ಮ್ಯಾಲೆ ಮೂಡಿದ್ದ ಬೆರಳಿನ ಗುರ್ತ ತೋರಿಸಿದ್ನಿ. "ಮುಂಜಾನಿಂದ ಇವ್ರು ಹೊರಸ ಬಿಟ್ಟ ಎದ್ದಿಲ್ರಿ ಯಣ್ಣಾ," ಅಂದ್ಲು ಅವನ ಹೆಂಡ್ತಿ ಶಾರದವ್ವ. ದ್ಯಾಮಪ್ಪ ಆ ಗುರ್ತಿನ ಮ್ಯಾಲೆ ತನ್ನ ಕೈ ಇಟ್ಟ. ಬೆರಳ ಸರೀ ಕುಂತ್ವು. ಮೀಸಿ ತಿರುವಿ, "ನಡಿ, ಬರ್ತೀನಿ," ಅಂದ.

ಕಲ್ಲಿನ ಕೈಗೆ ಇವತ್ತಿಗೂ ಐದ ಬೆರಳ ಅದಾವು. ನನ್ನ ಕಾಲಾಗಿನ ಕರೇ ಗುರ್ತು ನಾಕ. ಆರ ತಿಂಗಳಾತು, ಮಾಸಿಲ್ಲ.