ಖಾಲಿ ಕರಡಿಗೆ

"ಗಂಡನ ಕೊರಳಿಂದ ಲಿಂಗ ಇಳಿಸಿದಾಕೆ ನನ್ನ ಪೂಜೆ ಮನೀಗೆ ಕಾಲಿಡಬ್ಯಾಡ!"

ಗುರುಶಾಂತಮ್ಮ ಬಾಗಿಲು ಹಾಕಿಕೊಂಡರು. ಹೂವಿನ ಬುಟ್ಟಿ ಹಿಡಿದ ಸೊಸೆ ವಾಣಿಶ್ರೀ ಹೊಸಿಲಾಚೆಯೇ ನಿಂತಳು. ದಾವಣಗೆರೆ ಜಿಲ್ಲೆಯಾದ ಮರುವರ್ಷ, ನಿಜಲಿಂಗಪ್ಪ ಬಡಾವಣೆಯ ಆ ಮನೆಯಲ್ಲಿ ಎರಡು ತಿಂಗಳಿಂದ ಬೆಳಗಾಗುತ್ತಿದ್ದುದೇ ಹೀಗೆ. ಅವಳಾದರೂ ಏನೆಂದು ಎದುರಾಡಿಯಾಳು? ಸೈನ್ಯದ ಹೆಲಿಕಾಪ್ಟರ್ ಹಾರಿಸುತ್ತಿದ್ದ ಕೊಟ್ಟೂರೇಶ್ ಕಡೆಯ ಸಲ ರಜೆಗೆ ಬಂದಾಗ, "ಲಿಂಗ ಇಡಾಕೆ ಅವ್ವ ಮಾಡ್ಸಿದ ಬೆಳ್ಳಿ ಕರಡಿಗೆ ಭಾಳ ತೂಕ ವಾಣಿ. ಆ ಬೆಟ್ಟದ ಮೇಲೆ ಎಲ್ಲಾನೂ ಭಾರಾನೇ. ಲಿಂಗಕ್ಕೆ ಒಂದು ಬಟ್ಟೆ ಚೀಲ ಹೊಲ್ಕೊಡು" ಎಂದು ನಕ್ಕಿದ್ದ. ಅವಳು ಹೊಲಿದುಕೊಟ್ಟಿದ್ದಳು. ಅತ್ತೆ ಅದನ್ನು ಕಂಡು, ಕರಡಿಗೆ ಬಿಟ್ಟವನು ಲಿಂಗವನ್ನೂ ಬಿಟ್ಟಾನು ಎಂದು ಸಿಡುಕಿದ್ದರು. ಆಮೇಲೆ ಹೆಲಿಕಾಪ್ಟರ್ ಬಿದ್ದ ಸುದ್ದಿಯ ಹಿಂದೆಯೇ ಹಿಮಾಲಯದಿಂದ ಬಂದದ್ದು ಮೊಳೆ ಹೊಡೆದ ಪೆಟ್ಟಿಗೆ! ತೆರೆಯಬಾರದೆಂದರು. ಆನೆಕೊಂಡದ ಹೊಲದಲ್ಲಿ ಹಾಗೆಯೇ ಮಣ್ಣು ಮಾಡಿದರು. ಎದೆಯ ಮೇಲೆ ಲಿಂಗವಿತ್ತೋ, ಇಲ್ಲವೋ... ಯಾರು ಕಂಡರು! ಅವಸರದಲ್ಲಿ ಎಲ್ಲೋ ಬಿಚ್ಚಿಟ್ಟು ಹೋಗಿದ್ದರೆ? ಆ ಅನುಮಾನ ಅತ್ತೆಗಿಂತ ಹೆಚ್ಚಾಗಿ ಅವಳನ್ನೇ ತಿನ್ನುತ್ತಿತ್ತು.

ಅಂದು ಹರಿಹರದ ಬಸ್ಸಿಳಿದು ಭಾನುವಳ್ಳಿಯ ಮಾರುತಿ ಬಂದ. ಅದೇ ಹೆಲಿಕಾಪ್ಟರಿನ ಮೆಕ್ಯಾನಿಕ್. ಅವನಿಗೆ ರಜೆ ಸಿಕ್ಕಿದ್ದೇ ಈಗ. ಕೂಡು ಎಂದರೂ ಕೂಡಲಿಲ್ಲ. ಕರವಸ್ತ್ರದ ಗಂಟು ಬಿಚ್ಚಿ ಬೆಳ್ಳಿ ಕರಡಿಗೆಯನ್ನು ಗುರುಶಾಂತಮ್ಮನ ಮುಂದಿಟ್ಟ. ವಾಣಿಶ್ರೀ ಹತ್ತಿರ ಬಂದಳು. ಅದರೊಳಗೆ ಲಿಂಗವಿದ್ದರೆ... ಅತ್ತೆ ಹೋಗಲಿ, ತನ್ನನ್ನು ತಾನೇ ಅವಳು ಕ್ಷಮಿಸಲಾರಳು.

"ನೋಡಿದ್ಯಾ! ಬಿಚ್ಚಿಟ್ಟೇ ಹೋಗಿದ್ದ ನನ್ನ ಮಗ!" ಅತ್ತೆ ಚೀರಿದರು.

"ತೆಗೆದು ನೋಡ್ರಿ, ಅಮ್ಮಾರೇ."

ಮುಚ್ಚಳ ತೆಗೆದರೆ ಕರಡಿಗೆ ಖಾಲಿ.

"ಲಿಂಗ ಸಾಹೇಬ್ರ ಎದೆ ಮೇಲೇ ಇತ್ರಿ, ಬಟ್ಟೆ ಚೀಲದಾಗೆ. ನಾನೇ ಕಣ್ಣಾರೆ ನೋಡೀನಿ. ಅಷ್ಟು ಎತ್ತರದಾಗೆ ಗಾಳಿ ತೆಳ್ಳಗೆ, ನಮ್ದು ಸಣ್ಣ ಹೆಲಿಕಾಪ್ಟರು. ಗಾಯ ಆದೋರು ಇಬ್ರನ್ನ ಹತ್ತಿಸ್ಕೋಬೇಕಿತ್ತು. ಸೀಟು ಬಿಚ್ಚಿ ಹಾಕಿದ್ವಿ, ಸಾಮಾನು ಇಳಿಸಿದ್ವಿ. ಜೇಬಿನಾಗಿದ್ದ ಈ ಕರಡಿಗೇನೂ ನನ್ನ ಕೈಗೆ ಕೊಟ್ರು, 'ಜೋಪಾನ ಮಾರುತಿ, ನಮ್ಮವ್ವಂದು' ಅಂತ. ಕೊನೀಗೆ..." ಅವನು ತಲೆ ತಗ್ಗಿಸಿದ. "ಕೊನೀಗೆ ನನ್ನೂ ಇಳಿಸಿಬಿಟ್ರು, ಅಮ್ಮಾ! ಕಣಿವೆ ದಾಟೋವಾಗ ಮೇಲಿಂದ ಗಾಳಿ ಒತ್ತಿಬಿಡ್ತು. ನಾನು ನಿಂತು ನೋಡ್ತಾನೇ ಇದ್ದೆ... ಮೇಲೇಳಾಕೆ ಆಗ್ಲೇ ಇಲ್ಲ..."

ವಾಣಿಶ್ರೀ ಗೋಡೆಗೊರಗಿ ಕುಳಿತಳು. ತಡೆದಿಟ್ಟಿದ್ದ ಅಳುವೆಲ್ಲ ಒಮ್ಮೆಲೇ ಉಕ್ಕಿ ಬಂತು.

ಗುರುಶಾಂತಮ್ಮ ಖಾಲಿ ಕರಡಿಗೆಯನ್ನು ಅಂಗೈಯಲ್ಲಿಟ್ಟು ತೂಗಿ ನೋಡುತ್ತಲೇ ಇದ್ದರು. "ಎಷ್ಟು ಭಾರ ಐತಲ್ಲೇ ಇದು... ನಾಕು ಮಂದಿ ನೋಡ್ಲಿ ಅಂತ ನಾನೇ ಹೇಳಿ ದಪ್ಪ ಮಾಡ್ಸಿದ್ದೆ." ಆಮೇಲೆ ಮಾರುತಿಯ ಕಡೆ ತಿರುಗಿದರು. "ನೀನ್ಯಾಕೆ ತಲೆ ತಗ್ಗಿಸ್ತೀಯಪ್ಪ? ನಿಮ್ಮವ್ವಗಾದ್ರೂ ಮಗ ಉಳಿದ. ಉಂಡು ಹೋಗು."

ಪೂಜೆ ಮನೆಯ ಬಾಗಿಲು ತೆರೆದು ಅವರು ತಮ್ಮ ಕೊರಳಿನ ಬೆಳ್ಳಿ ಕರಡಿಗೆಯನ್ನೂ ಬಿಚ್ಚಿದರು. "ಒಳಗೆ ಬಾ ವಾಣಿ. ನನಗೂ ಅಂಥದ್ದೇ ಒಂದು ಚೀಲ ಹೊಲ್ಕೊಡವ್ವಾ..."

ಅವಳು ಅದೇ ಬಟ್ಟೆಯ ಉಳಿದ ತುಂಡು ತಂದಳು. ಕಣ್ಣು ತುಂಬಿ ದಾರ ಪೋಣಿಸಲಾಗಲಿಲ್ಲ. "ತಾ ಇಲ್ಲಿ" ಎಂದು ಅತ್ತೆ ಸೂಜಿ ತೆಗೆದುಕೊಂಡರು. ಅವರಿಂದಲೂ ಆಗಲಿಲ್ಲ. ಕೊನೆಗೆ ಹೊಸಿಲ ಬಳಿ ನಿಂತಿದ್ದ ಮಾರುತಿಯೇ ಕೈ ಚಾಚಿ ಸೂಜಿ ಇಸಿದುಕೊಂಡು ದಾರ ಪೋಣಿಸಿಕೊಟ್ಟ.